ತಡೆಯಿರಿ ಸಾರ್ ಎನ್ನುವ ಹುಡುಗಿಯರು

ಮಾರ್ಚ್ ಅರ್ಧ ಕಳೆಯಿತೆಂದರೆ ಚಿತ್ರದುರ್ಗ ಸೀಮೆಯಲ್ಲಿ ಮಧ್ಯಾಹ್ನದ ಗಾಳಿಯೇ ಸುಡುತ್ತದೆ. ಆ ದಿನಗಳಲ್ಲಿ ಹೆರಿಗೆ ವಾರ್ಡಿಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ಫ್ರಿಜ್. ಅದರೊಳಗೆ ಪುಟ್ಟ ಗಾಜಿನ ಆಂಪೂಲ್‌ಗಳಲ್ಲಿ ಆಕ್ಸಿಟೋಸಿನ್ ಇರುತ್ತದೆ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಚುಚ್ಚಿದರೆ ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ಹತೋಟಿಗೆ ಬರುತ್ತದೆ. ಆದರೆ ಈ ಮದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಬಿಸಿಗೆ ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ, ಬಣ್ಣ ಮಾತ್ರ ಬದಲಾಗುವುದಿಲ್ಲ. ಚುಚ್ಚಿದವರಿಗೆ ಕೊಟ್ಟೆವೆಂಬ ಸಮಾಧಾನ ಇರುತ್ತದೆ, ತಾಯಿಗೆ ರಕ್ತ ನಿಲ್ಲುವುದಿಲ್ಲ.

ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ, ಹೆರಿಗೆ ವಾರ್ಡಿನ ಉಸ್ತುವಾರಿ. ನಮ್ಮಲ್ಲಿಗೆ ಗುತ್ತಿಗೆ ಮೇಲೆ ಜಗಳೂರು ಕಡೆಯ ಒಬ್ಬ ಹುಡುಗಿ ಬಂದಳು. ದಾವಣಗೆರೆಯಲ್ಲಿ ನರ್ಸಿಂಗ್ ಓದಿದವಳು, ಮಾತು ಕಡಿಮೆ. ಬಂದ ಹೊಸತರಲ್ಲೇ ಅವಳು ಕೇಳಿದ ಪ್ರಶ್ನೆ: "ಅಕ್ಕ, ಬೆಳಿಗ್ಗೆ ಟ್ರೇಗೆ ತೆಗೆದಿಟ್ಟ ಆಂಪೂಲ್‌ಗಳಲ್ಲಿ ಉಳಿದವನ್ನು ಸಂಜೆ ಮತ್ತೆ ಫ್ರಿಜ್‌ನಲ್ಲಿ ಇಡುತ್ತೇವಲ್ಲ, ಇಡೀ ಹಗಲು ಹೊರಗಿದ್ದವು ಯಾವುವು, ಒಳಗೇ ಇದ್ದವು ಯಾವುವು ಎಂದು ಹೇಗೆ ಗೊತ್ತಾಗುತ್ತದೆ?" ವಾರ್ಡಿನಲ್ಲಿ ಬಹಳ ವರ್ಷಗಳಿಂದ ನಡೆದುಬಂದಿದ್ದ ವಾಡಿಕೆ ಅದು. ಯಾರೂ ಹಾಗೆ ಕೇಳಿರಲಿಲ್ಲ. ಅವಳು ಫ್ರಿಜ್‌ನೊಳಗೆ ಥರ್ಮಾಮೀಟರ್ ಇಡಿಸಿದಳು, ಪ್ರತಿ ಪಾಳಿಗೂ ಉಷ್ಣತೆ ಬರೆಯಲು ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು, ಹೆರಿಗೆ ಹತ್ತಿರವಾದ ತಾಯಿಗೆ ಬೇಕಾದಷ್ಟು ಆಂಪೂಲ್ ಮಾತ್ರ ಹೊರತೆಗೆಯಬೇಕೆಂದು ಎಲ್ಲರನ್ನೂ ಒಪ್ಪಿಸಿದಳು. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯಬಾರದೆಂದು ರಾತ್ರಿ ಪಾಳಿಯ ಆಯಾ ಅವರಿಗೂ ಹೇಳಿಕೊಟ್ಟಳು. ಇದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ಆರೋಗ್ಯ ಸೇವೆಯಲ್ಲಿ ಹೊಸ ನಾಯಕರು ಬೇಕು ಎಂಬ ಮಾತನ್ನು ಸಭೆಗಳಲ್ಲಿ ಕೇಳುತ್ತಿರುತ್ತೇನೆ. ಆಗೆಲ್ಲ ವೇದಿಕೆಯ ಮೇಲಿದ್ದವರಿಗಿಂತ ಇಂಥವರೇ ನನ್ನ ಕಣ್ಣ ಮುಂದೆ ಬರುತ್ತಾರೆ. ಇಪ್ಪತ್ತೈದು ದಾಟದ ವಯಸ್ಸು, ಕಡಿಮೆ ಸಂಬಳ, ಹೆಸರಿನ ಮುಂದೆ ಪದವಿಯಿಲ್ಲ. ರೋಗಿಯ ಸುರಕ್ಷತೆ ದಿನವೂ ಇವರ ಕೈಯಲ್ಲಿದೆ. ಇವರ ಮಾತು ನಡೆಯುವಂತೆ ಮಾಡುವುದೇ ನಮ್ಮಂಥ ಹಿರಿಯರ ಮೊದಲ ಕೆಲಸ ಎಂಬುದು ನನ್ನ ನಂಬಿಕೆ.

ಈ ಮಾತು ಎಷ್ಟು ದೊಡ್ಡದೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿತು. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳು ಆ ದೇಶಗಳಲ್ಲಿ ವರ್ಷಕ್ಕೆ ಸುಮಾರು 86 ಲಕ್ಷ. ಅದರಲ್ಲಿ 36 ಲಕ್ಷ ಜನ ಚಿಕಿತ್ಸೆಯವರೆಗೆ ತಲುಪದವರು. ಉಳಿದ 50 ಲಕ್ಷ ಜನ ಚಿಕಿತ್ಸೆಗೆ ಬಂದಿದ್ದರು, ಸಿಕ್ಕ ಆರೈಕೆ ಸರಿಯಿರಲಿಲ್ಲ. ಇದನ್ನು ಮೊದಲು ಓದಿದಾಗ ನನಗೆ ಬಹಳ ಹೊತ್ತು ಬೇರೇನೂ ಹೊಳೆಯಲಿಲ್ಲ. ಹೆರಿಗೆ ಮನೆಯಲ್ಲಿ ಬೇಡ, ಆಸ್ಪತ್ರೆಗೇ ಬನ್ನಿ ಎಂದು ಹಟ್ಟಿ ಹಟ್ಟಿ ತಿರುಗಿ ಹೇಳಿದವರು ನಾವು. ಆಶಾ ಕಾರ್ಯಕರ್ತೆಯರು ನಡುರಾತ್ರಿಯಲ್ಲಿ 108ಕ್ಕೆ ಫೋನು ಮಾಡಿ, ಬಸುರಿಯ ಪಕ್ಕದಲ್ಲೇ ಕುಳಿತು ಕರೆತಂದರು. ಜನ ನಮ್ಮ ಮಾತು ನಂಬಿ ಬಂದರು. ಬಂದವರನ್ನು ಕಾಪಾಡುವ ಋಣ ಈಗ ನಮ್ಮ ಮೇಲಿದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ನಿಮಗೂ ನೆನಪಿರಬಹುದು. ಅವರಿಗೆ ರಕ್ತನಾಳದ ಮೂಲಕ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಮೊಳಕಾಲ್ಮುರು, ರಾಂಪುರದ ಕಡೆಯವರಿಗೆ ಬಳ್ಳಾರಿ ದೂರದ ಊರಲ್ಲ. ಹೆಣ್ಣು ಕೊಟ್ಟು ತಂದ ನಂಟಿದೆ. ಆ ವಾರಗಳಲ್ಲಿ ನಮ್ಮ ವಾರ್ಡಿನಲ್ಲೂ ಬಾಟಲಿ ಏರಿಸಲು ಹೋದರೆ ಅಜ್ಜಿಯಂದಿರು ಕೈ ಹಿಡಿದು ಕೇಳುತ್ತಿದ್ದರು, "ಯವ್ವಾ, ಇದು ಆ ಬಾಟಲಿ ಅಲ್ಲ ತಾನೇ?" ಅವರಿಗೆ ಉತ್ತರಿಸಬೇಕಾದರೆ ನಮ್ಮ ಕೈಯಲ್ಲಿ ದಾಖಲೆ ಇರಬೇಕು. ಯಾವ ತಾಯಿಗೆ ಯಾವ ಬ್ಯಾಚ್‌ನ ಬಾಟಲಿ ಏರಿಸಿದೆವು ಎಂಬುದನ್ನು ಕೇಸ್ ಶೀಟಿನಲ್ಲೇ ಬರೆಯುವ ಕ್ರಮವನ್ನು ಆಗ ನಮ್ಮ ಕಿರಿಯ ಸಿಸ್ಟರ್‌ಗಳೇ ಶುರು ಮಾಡಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ತೇಲುವ ಕಣ ಇದೆಯೇ, ಮುಚ್ಚಳ ಸಡಿಲವಾಗಿದೆಯೇ ಎಂದು ನೋಡಿ ಆಮೇಲೆ ಏರಿಸಬೇಕು. ಇದಿಷ್ಟೂ ನರ್ಸಿಂಗ್ ಮೊದಲ ವರ್ಷದ ಪಾಠ. ಜನದಟ್ಟಣೆಯಲ್ಲಿ ಮೊದಲು ಬಿಟ್ಟುಹೋಗುವುದೂ ಇಂಥ ಪಾಠಗಳೇ. ದ್ರಾವಣದೊಳಗಿನ ಎಲ್ಲ ದೋಷ ಕಣ್ಣಿಗೆ ಕಾಣುವುದಿಲ್ಲ ಎಂಬುದು ನಿಜ. ಆದರೆ ಬ್ಯಾಚ್ ಸಂಖ್ಯೆ ಬರೆದಿದ್ದರೆ ಮೊದಲ ತಾಯಿಗೆ ಚಳಿಜ್ವರ ಬಂದಾಗಲೇ ಅದೇ ಬ್ಯಾಚ್‌ನ ಉಳಿದ ಬಾಟಲಿಗಳನ್ನು ಎತ್ತಿಡಬಹುದು.

ಹೆರಿಗೆ ಕೋಣೆಯಲ್ಲಿ ಏನೇನು ಮಾಡಬೇಕೆಂಬುದು ಈಗ ಗುಟ್ಟಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ತಪಾಸಣಾ ಪಟ್ಟಿಯನ್ನು ಆರಂಭದಲ್ಲಿ ಪರೀಕ್ಷಿಸಿ ನೋಡಿದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲೇ, 2010ರಲ್ಲಿ. ಕೈ ತೊಳೆಯುವುದು, ತಾಯಿಯ ರಕ್ತದೊತ್ತಡ ನೋಡುವುದು, ಮಗುವಿಗೆ ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕ್ ಸಿದ್ಧವಾಗಿಡುವುದು ಹೀಗೆ 29 ಕೆಲಸಗಳ ಪಟ್ಟಿ ಅದು. ಪಟ್ಟಿ ಬರುವ ಮೊದಲು ಪ್ರತಿ ಹೆರಿಗೆಯಲ್ಲಿ ಸರಾಸರಿ 10 ಕೆಲಸಗಳು ನಡೆಯುತ್ತಿದ್ದವು, ಬಂದ ಮೇಲೆ 25. ಈ ಫಲಿತಾಂಶದ ನಂತರ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ತರಬೇತುದಾರರು ಎಂಟು ತಿಂಗಳು ಹೋಗಿ ಬಂದು, ಸಿಬ್ಬಂದಿಯ ಪಕ್ಕದಲ್ಲಿ ನಿಂತು ಕಲಿಸಿದರು. ಕೆಲಸಗಳ ಪಾಲನೆ ನೂರಕ್ಕೆ 73ರವರೆಗೆ ಏರಿತು. ತರಬೇತಿ ನಿಂತ ನಾಲ್ಕು ತಿಂಗಳಿಗೆ 62ಕ್ಕೆ ಇಳಿಯಿತು. 2017ರಲ್ಲಿ ಪ್ರಕಟವಾದ ಅಂತಿಮ ಫಲಿತಾಂಶದಲ್ಲಿ, ತಾಯಿ ಮತ್ತು ನವಜಾತ ಶಿಶುಗಳ ಸಾವಿನ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಪಟ್ಟಿಗಳಿಂದ ಪ್ರಯೋಜನವಿಲ್ಲ ಎನ್ನುವವರು ಈ ಅಧ್ಯಯನವನ್ನೇ ಎತ್ತಿ ತೋರಿಸುತ್ತಾರೆ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಹೊರಗಿನಿಂದ ಬಂದವರು ಬೆನ್ನ ಹಿಂದೆ ನಿಂತಿರುವವರೆಗೆ ಕೆಲಸ ನಡೆಯಿತು, ಅವರು ಹೋದ ಮೇಲೆ ಕುಗ್ಗಿತು. ರಾತ್ರಿ ಎರಡು ಗಂಟೆಗೆ ಆ ಕೋಣೆಯಲ್ಲೇ ಇರುವ ಒಬ್ಬರು ಅದನ್ನು ತನ್ನದೆಂದು ಹಿಡಿದುಕೊಳ್ಳಬೇಕು. ಅಷ್ಟೇ ಸಾಲದು. ತಾಯಿಯ ರಕ್ತದೊತ್ತಡ ಹೆಚ್ಚಿದೆ ಎಂದು ಗೊತ್ತಾದ ಮೇಲೆ ಸೆಳೆತ ಬಾರದಂತೆ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಕಪಾಟಿನಲ್ಲಿ ಇರಬೇಕು, ವೈದ್ಯರು ಬರಬೇಕು, ಆಂಬುಲೆನ್ಸ್‌ನಲ್ಲಿ ಡೀಸೆಲ್ ಇರಬೇಕು. ಅಳೆದ ಮೇಲೆ ಮುಂದಿನ ಹೆಜ್ಜೆ ಇಡಲಾಗದಿದ್ದರೆ ಅಳತೆ ಬರಿಯ ಬರವಣಿಗೆಯಾಗಿ ಉಳಿಯುತ್ತದೆ.

ಅಳತೆಗೂ ಮುಂದಿನ ಹೆಜ್ಜೆಗೂ ಸರಿಯಾಗಿ ಗಂಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ರಕ್ತಸ್ರಾವದ ಉದಾಹರಣೆ ಇದೆ, ಅದರ ಬೇರು ನಮ್ಮ ಬೆಳಗಾವಿಯಲ್ಲಿದೆ. ಹೆರಿಗೆಯಾದ ಮೇಲೆ ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಬಹುತೇಕ ಕಡಿಮೆಯೇ ಹೇಳುತ್ತೇವೆ. ಬಟ್ಟೆ ಹೀರಿದ್ದು, ನೆಲಕ್ಕೆ ಬಿದ್ದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರೇ ನಡೆಸಿಕೊಟ್ಟ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಹೆರಿಗೆಯ ನಂತರದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದದ್ದನ್ನು ಅದು ತೋರಿಸಿತು. ಅಲ್ಲಿ ರಕ್ತ ಅಳೆಯಲು ಬಳಸಿದ್ದು ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ. ತಾಯಿಯ ಕೆಳಗೆ ಹಾಸಿದರೆ ರಕ್ತ ತುದಿಯ ಚೀಲಕ್ಕೆ ಇಳಿಯುತ್ತದೆ, ಎಷ್ಟು ಮಿಲಿ ಲೀಟರ್ ಎಂದು ಓದಬಹುದು. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಇದೇ ಬಗೆಯ ಹಾಳೆಯನ್ನಿಟ್ಟು ಇ-ಮೋಟಿವ್ ಎಂಬ ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 2023ರಲ್ಲಿ. ಅಳೆದು ತಿಳಿದ ಕೂಡಲೇ ಹೊಟ್ಟೆ ನೀವುವುದು, ಆಕ್ಸಿಟೋಸಿನ್, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ದ್ರಾವಣ, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೆ ಮಾಡಬೇಕು. ಮಾಮೂಲಿ ಪದ್ಧತಿಯಲ್ಲಿ ರಕ್ತಸ್ರಾವದ ಪ್ರಕರಣಗಳಲ್ಲಿ ಪತ್ತೆಯಾದದ್ದು ನೂರಕ್ಕೆ 51. ಈ ಪದ್ಧತಿಯಲ್ಲಿ 93. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳನ್ನು ಒಟ್ಟುಗೂಡಿಸಿದರೆ ನೂರಕ್ಕೆ 60ರಷ್ಟು ಇಳಿಕೆ. ನಮ್ಮ ಕಡೆಯ ರಕ್ತಹೀನ ಬಸುರಿಯರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆರೋಗ್ಯವಂತೆ ತಾಳಿಕೊಳ್ಳುವಷ್ಟು ರಕ್ತ ಹೋದರೆ ಆರೇಳು ಗ್ರಾಂ ಹಿಮೋಗ್ಲೋಬಿನ್ ಇರುವ ತಾಯಿ ತಾಳುವುದಿಲ್ಲ. ಇಲ್ಲಿಂದ ಹೆದ್ದಾರಿ ಹಿಡಿದು ಜಿಲ್ಲಾ ಆಸ್ಪತ್ರೆಗೋ ದಾವಣಗೆರೆಗೋ ಕಳಿಸುವ ಹೊತ್ತಿಗೆ ತಡವಾಗಿರುತ್ತದೆ.

ನಮ್ಮ ವಾರ್ಡಿನಲ್ಲಿ ಆ ಹಾಳೆ ಯಾವಾಗಲೂ ಸಿಗುವುದಿಲ್ಲ. ಸಿಗದಿದ್ದಾಗ ಹುಡುಗಿಯರು ಬಟ್ಟೆಯನ್ನು ಮೊದಲೇ ತೂಗಿ, ಆಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಿದ ಒಂದು ಗ್ರಾಂ ಸುಮಾರು ಒಂದು ಮಿಲಿ ಲೀಟರ್ ರಕ್ತ. ಬೇಕಾದದ್ದು ಒಂದು ತಕ್ಕಡಿ. ಅದನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ತರಿಸಿಕೊಂಡೆವು.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ ವಿಷಯ, ಬಾಯಿ ತೆರೆದು ಹೇಳುವುದು. ಹಿರಿಯರ ಮುಂದೆ ಎದುರು ಮಾತನಾಡಬಾರದು ಎಂದು ಬೆಳೆದ ಮಕ್ಕಳು ನಮ್ಮ ಸಿಸ್ಟರ್‌ಗಳು. ವೈದ್ಯರು ಹೇಳಿದ ಪ್ರಮಾಣ ತಪ್ಪೆನಿಸಿದರೂ ಸುಮ್ಮನೆ ಸಿರಿಂಜಿಗೆ ಎಳೆದುಕೊಳ್ಳುವುದು ವಿನಯವೆನಿಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಅದನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಅದರಲ್ಲಿ ನನಗೆ ಇಷ್ಟವಾದ ಅಂಶ ಒಂದಿದೆ: ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಒಮ್ಮೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದವಳಿಗೆ, ಆಮೇಲೆ ರಕ್ತ ಒರೆಸುವ ಬಟ್ಟೆಯ (ಮಾಪ್) ಲೆಕ್ಕ ತಪ್ಪಿದಾಗ "ತಡೆಯಿರಿ ಸಾರ್, ಒಂದು ಮಾಪ್ ಕಡಿಮೆ ಇದೆ" ಎನ್ನಲು ಗಂಟಲು ಕಟ್ಟುವುದಿಲ್ಲ. ನಮ್ಮಲ್ಲಿ ಹೊಸದಾಗಿ ಬಂದ ಅರಿವಳಿಕೆ ತಜ್ಞರು ಇದನ್ನು ತಾವೇ ಮೊದಲು ಮಾಡಿ ತೋರಿಸಿದರು. ಡಿ ಗ್ರೂಪ್ ನೌಕರರವರೆಗೆ ಎಲ್ಲರೂ ಹೆಸರು ಹೇಳಿದ ಮೇಲೆಯೇ ಕೆಲಸ ಶುರು. ವೈದ್ಯರಲ್ಲೂ ಕಿರಿಯ ಪೀಳಿಗೆ ಬದಲಾಗುತ್ತಿದೆ, ಅದನ್ನು ಸಂತೋಷದಿಂದ ಬರೆಯುತ್ತಿದ್ದೇನೆ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡಿದ್ದೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಹುಟ್ಟಿದ ಮಗುವಿಗೆ ಕೊಡಬೇಕಾದ ವಿಟಮಿನ್ ಕೆ ಮತ್ತು ತಾಯಿಯ ರಕ್ತಸ್ರಾವಕ್ಕೆ ಬಳಸುವ ಮಿಥೈಲ್ ಎರ್ಗೊಮೆಟ್ರಿನ್ ಆಂಪೂಲ್‌ಗಳು ಒಂದೇ ಟ್ರೇಯಲ್ಲಿ ಇರುತ್ತಿದ್ದವು. ಎರಡೂ ಪುಟ್ಟ ಆಂಪೂಲ್‌ಗಳೇ. ಎರಡನೆಯದನ್ನು ಮಗುವಿಗೆ ಚುಚ್ಚಿದರೆ ಉಸಿರು ನಿಲ್ಲಬಹುದು, ಸೆಳೆತ ಬರಬಹುದು. ಒಬ್ಬ ಸಿಸ್ಟರ್ ಕೈಗೆ ತಪ್ಪು ಆಂಪೂಲ್ ಬಂತು, ಮುರಿಯುವ ಮೊದಲು ಹೆಸರು ಓದಿದಳು, ಬದಲಿಸಿಕೊಂಡಳು. ಮಗುವಿಗೆ ಏನೂ ಆಗಲಿಲ್ಲ. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಅವಳು ಅದನ್ನು ಘಟನಾ ವಹಿಯಲ್ಲಿ ಬರೆದಳು. ಮರುದಿನ ಅವಳಿಗೆ ಮೆಮೊ ಬಂತು. ಅಂದಿನಿಂದ ಆ ವಹಿಯಲ್ಲಿ ಯಾರೂ ಏನೂ ಬರೆಯಲಿಲ್ಲ. ಪರಿಶೀಲನೆಗೆ ಬಂದವರು ಖಾಲಿ ಪುಟಗಳನ್ನು ನೋಡಿ ಇಲ್ಲಿ ಯಾವ ತೊಂದರೆಯೂ ಇಲ್ಲವೆಂದು ಮೆಚ್ಚಿದರು. ಆ ದಿನ ನನಗಾದ ಸಂಕಟ ಇನ್ನೂ ಆರಿಲ್ಲ. ಆಂಪೂಲ್‌ಗಳು ಮಾತ್ರ ಒಂದೇ ಟ್ರೇಯಲ್ಲಿ ಉಳಿದವು.

ಈಗಿನ ನಮ್ಮ ವಾರ್ಡಿನಲ್ಲಿ ತಾಯಿಯ ಟ್ರೇ ಬೇರೆ, ಮಗುವಿನ ಟ್ರೇ ಬೇರೆ, ಎರಡರ ನಡುವೆ ಮೇಜೊಂದರ ಅಂತರ. ಘಟನಾ ವಹಿಯಲ್ಲಿ ಬರೆದವರ ಹೆಸರು ಕೇಳುವುದಿಲ್ಲ. ಶನಿವಾರ ಪಾಳಿ ಬದಲಾಗುವಾಗ ಅದನ್ನು ಓದುತ್ತೇವೆ. ಯಾರು ಮಾಡಿದರು ಎಂಬ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ಆಸ್ಪತ್ರೆಯ ಗೇಟಿನಾಚೆಯೂ ಈ ಹುಡುಗಿಯರ ಕೆಲಸವಿದೆ. ಚಳ್ಳಕೆರೆ, ಹಿರಿಯೂರು, ಹೊಸದುರ್ಗ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ಜಿಲ್ಲೆಯ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿದ್ದ ಹಸುಗೂಸು ಮಳೆ ಚಳಿಗೆ ತೀರಿಕೊಂಡದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ನಾವು ವಾರ್ಡಿನಲ್ಲಿ ಮಗುವನ್ನು ಎಷ್ಟು ಬೆಚ್ಚಗಿಟ್ಟು ಕಳಿಸಿದರೂ ಅದು ಹೋಗಿ ಮಲಗುವ ಜಾಗ ಯಾವುದೆಂದು ತಿಳಿಯದಿದ್ದರೆ ನಮ್ಮ ಕೆಲಸ ಅರ್ಧವೇ. ನಮ್ಮ ತಾಲ್ಲೂಕಿನ ಒಬ್ಬ ಯುವ ಸಮುದಾಯ ಆರೋಗ್ಯ ಅಧಿಕಾರಿ ಹಟ್ಟಿಯ ಪೂಜಾರಪ್ಪನವರನ್ನೂ ಯಜಮಾನರನ್ನೂ ಗದರಿಸಲು ಹೋಗಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಅಜ್ಜಿಯರ ಜೊತೆ ಕುಳಿತಳು. ಕೂಸನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ತೋರಿಸಿಕೊಟ್ಟಳು. ತೂಕ ಕಡಿಮೆಯಿರುವ ಕೂಸಾದರೆ ಡಿಸ್ಚಾರ್ಜ್‌ಗೆ ಅವಸರ ಮಾಡಬಾರದು, ಆಸ್ಪತ್ರೆಯಲ್ಲೇ ಇದ್ದರೆ ಹಟ್ಟಿಯ ಕಟ್ಟಳೆಗೂ ಭಂಗವಿಲ್ಲ ಎಂದು ಅವರೇ ಹೇಳುವಂತೆ ಮಾತು ನಡೆಸಿದಳು. ಈಗ ಅಲ್ಲಿಂದ ಹೆರಿಗೆಗೆ ಬರುವವರ ತಾಯಿ ಕಾರ್ಡ್ ತಲುಪುವ ಮೊದಲೇ ಅವಳ ಫೋನು ನಮಗೆ ಬಂದಿರುತ್ತದೆ. ಆ ರೂಢಿಯನ್ನು ನಾನು ಒಪ್ಪುವುದಿಲ್ಲ, ಅದು ಹೋಗಲೇಬೇಕು. ಹೋಗುವವರೆಗೆ ಒಂದು ಕೂಸೂ ಸಾಯಬಾರದು ಎಂಬ ಅವಳ ದಾರಿಯ ಮುಂದೆ ನಾನು ತಲೆಬಾಗುತ್ತೇನೆ.

ಇಂಥವರನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಗುತ್ತಿಗೆಯ ಸಿಸ್ಟರ್‌ಗಳಿಗೆ ಪ್ರತಿ ವರ್ಷ ಆರ್ಥಿಕ ವರ್ಷದ ಕೊನೆ ಎಂದರೆ ಆತಂಕ. ಹೆರಿಗೆ ಕೋಣೆಯಲ್ಲಿ ಕೈ ಪಳಗಿದವಳನ್ನು ಇದ್ದಕ್ಕಿದ್ದಂತೆ ಹೊರರೋಗಿ ವಿಭಾಗಕ್ಕೆ ಹಾಕುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ಎರಡು ಹೆರಿಗೆ ಒಟ್ಟಿಗೆ ಬಂದರೆ ಯಾವ ಪಟ್ಟಿಯೂ ಅವಳನ್ನು ಕಾಯುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳಿಗಾಗಿ ಲಕ್ಷ್ಯ ಕಾರ್ಯಕ್ರಮ ತಂದಿತು. ಸ್ವಚ್ಛತೆಗೆ ಕಾಯಕಲ್ಪ ಅದಕ್ಕೂ ಮೊದಲು, 2015ರಲ್ಲೇ ಬಂದಿತ್ತು. ಇವುಗಳಿಂದ ಹಾಸಿಗೆ, ಪರದೆ, ಕೈ ತೊಳೆಯುವ ಸಿಂಕ್, ಮೊಣಕೈಯಿಂದ ತಿರುಗಿಸುವ ನಲ್ಲಿ ಎಲ್ಲ ಬಂದವು, ನಾನು ಅದಕ್ಕೆ ಕೃತಜ್ಞಳು. ಅಂಕ ಹಾಕುವವರು ಬರುವ ವಾರದಲ್ಲಿ ಮಾತ್ರ ಸಾಬೂನು ತುಂಬುವ ಅಭ್ಯಾಸವನ್ನು ಬಿಡಿಸಲು ಪ್ರಮಾಣಪತ್ರಕ್ಕೆ ಶಕ್ತಿಯಿಲ್ಲ. ಸಾಬೂನು ಮುಗಿದಿದೆ ಎಂದು ನಿತ್ಯ ಹೇಳುವ ಹುಡುಗಿ ಆ ವಾರ್ಡಿನಲ್ಲಿ ನೆಲೆ ನಿಲ್ಲಬೇಕು. ಜಿಲ್ಲಾ ಮಟ್ಟದ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇದೊಂದೇ: ಪ್ರತಿ ಹೆರಿಗೆ ಕೋಣೆಯಲ್ಲಿ ಇಬ್ಬರು ಕಿರಿಯ ಸಿಸ್ಟರ್‌ಗಳನ್ನು ಗುರುತಿಸಿ, ಕನಿಷ್ಠ ಎರಡು ವರ್ಷ ಕದಲಿಸಬೇಡಿ. ಅವರು ಬರೆದ ಕೊರತೆಯ ಪಟ್ಟಿಗೆ ಲಿಖಿತ ಉತ್ತರ ಕೊಡಿ.

ಈಗಷ್ಟೇ ನೌಕರಿಗೆ ಸೇರಿ ಇದನ್ನು ಓದುತ್ತಿರುವ ತಂಗಿ ತಮ್ಮಂದಿರಿಗೆ ಎರಡು ಮಾತು. ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಸೇರಿ ರೂಪಿಸಿದ ಗುಣಮಟ್ಟ ಸುಧಾರಣೆಯ ತರಬೇತಿಯಲ್ಲಿ ನಾಲ್ಕೇ ಹೆಜ್ಜೆಗಳಿವೆ: ಒಂದು ತೊಂದರೆ ಆರಿಸಿ ತಂಡ ಕಟ್ಟುವುದು, ಕಾರಣ ಹುಡುಕಿ ಅಳೆಯುವುದು, ಸಣ್ಣ ಬದಲಾವಣೆ ಮಾಡಿ ನೋಡುವುದು, ಫಲ ಕೊಟ್ಟದ್ದನ್ನು ಉಳಿಸಿಕೊಳ್ಳುವುದು. ಮೊದಲೇ ದೊಡ್ಡದಕ್ಕೆ ಕೈ ಹಾಕಬೇಡಿ. ಹುಟ್ಟಿದ ಮಗು ವಾರ್ಡಿಗೆ ಬರುವ ಹೊತ್ತಿಗೆ ಎಷ್ಟು ಬೆಚ್ಚಗಿದೆ ಎಂಬುದನ್ನಷ್ಟೇ ಒಂದು ವಾರ ಬರೆಯಿರಿ, ಏನನ್ನೂ ಬದಲಿಸದೆ. 36.5 ಡಿಗ್ರಿಗಿಂತ ಕೆಳಗಿನ ಅಂಕಿಗಳು ಯಾವ ಪಾಳಿಯಲ್ಲಿ ಹೆಚ್ಚು ಎಂದು ನೋಡಿ. ನಮ್ಮಲ್ಲಿ ಹುಡುಕಿದಾಗ ಸಿಕ್ಕಿದ್ದು ಹೆರಿಗೆ ಮೇಜಿನ ಮೇಲಿನ ಫ್ಯಾನ್ ಮತ್ತು ಮೈ ಒರೆಸಿದ ಒದ್ದೆ ಬಟ್ಟೆಯಲ್ಲೇ ಮಗುವನ್ನು ಸುತ್ತುವ ಅಭ್ಯಾಸ. ಎರಡಕ್ಕೂ ಹಣ ಬೇಕಾಗಲಿಲ್ಲ.

ನಾವು ಬಳಸುವ ಹಾಳೆಗಳ ನಮೂನೆ ಬೇಕಿದ್ದರೆ ಬಂದು ನೋಡಬಹುದು. ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನಿ. ಪಾಳಿ ಬದಲಾಗುವಾಗ ಎಲ್ಲರೂ ಒಟ್ಟಿಗೆ ಸಿಗುತ್ತಾರೆ, ಬರೆದವರೇ ವಿವರಿಸುತ್ತಾರೆ.